ಏಲಿಯನ್ ಅಲ್ಲ ಗುರು, ದಾಸೋಜ

1/9

ಫ್ಯಾನ್ ಥಿಯರಿ ಅಂದ್ರೆ ನಂಗೂ ಪ್ರಾಣ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಕಮೆಂಟಲ್ಲಿ "ಬೋರಿಂಗ್ ಪಾರ್ಟಿ" ಅನ್ಬೇಡಿ.

ನೆಟ್‌ಫ್ಲಿಕ್ಸ್‌ನ 'ಲಾಸ್ಟ್ ಇನ್ ಸ್ಪೇಸ್' ನೋಡಿರೋರು ಕೈ ಎತ್ತಿ. 1965ರಲ್ಲಿ ಅಮೆರಿಕಾ ಟಿವಿಲಿ ಬಂದ ಹಳೇ ಸೀರೀಸಲ್ಲಿ ರೋಬೋ ಮನುಷ್ಯರೇ ಮಾಡಿದ ಯಂತ್ರ. 2018ರ ಹೊಸದರಲ್ಲಿ ಆ ರೋಬೋನ ಬೇರೆ ಲೋಕದ್ದು ಮಾಡಿಬಿಟ್ರು. ಅಷ್ಟೇ ಸಾಕಾಯ್ತು. ಇವನ್ನ ಮಾಡಿದ್ದು ಯಾರು? ಮಾಡಿದವರು ಎಲ್ಲಿ ಹೋದ್ರು? ಆ ಹುಡುಗ ವಿಲ್ ಹೇಳಿದ್ದನ್ನ ಈ ರೋಬೋ ಯಾಕೆ ಕೇಳುತ್ತೆ? ಒಂದೊಂದು ಸೀನ್ ನಿಲ್ಲಿಸಿ, ಜೂಮ್ ಮಾಡಿ, ಮುಖದ ಮೇಲೆ ಓಡೋ ಬೆಳಕಿನ ಬಣ್ಣಕ್ಕೆಲ್ಲಾ ಅರ್ಥ ಹಚ್ಚಿದ್ದಾರೆ ಜನ. ಮೂರನೇ ಸೀಸನ್ 2021ರಲ್ಲಿ ಬಂದು ಕಥೆ ಮುಗೀತು, ಮಾಡಿದವರ ವಿಷಯಾನೂ ಬಂತು. ನೋಡದೇ ಇರೋರಿಗೆ ಸ್ಪಾಯ್ಲರ್ ಕೊಡಲ್ಲ.

ಈ ಆಟ ಚೆನ್ನಾಗಿರೋದು ಯಾಕೆ ಅಂದ್ರೆ ಇದಕ್ಕೆ ರೂಲ್ಸ್ ಇವೆ. ಕಥೆ ಬರೆದವರು ಬೇಕಂತಲೇ ಉತ್ತರ ಮುಚ್ಚಿಟ್ಟಿರ್ತಾರೆ. ನಾವು ಊಹೆ ಮಾಡ್ತೀವಿ. ಉತ್ತರ ಬಂದ ದಿನ ನಮ್ಮ ಥಿಯರಿ ಒಂದೋ ಗೆಲ್ಲುತ್ತೆ, ಇಲ್ಲಾ ಸಾಯುತ್ತೆ. ಸತ್ತರೆ ನಕ್ಕು ಮುಂದಕ್ಕೆ ಹೋಗ್ತೀವಿ. ಯಾರಿಗೂ ನಷ್ಟ ಇಲ್ಲ.

ಇದೇ ಆಟಾನ ನಮ್ಮೂರ ಕಲ್ಲಿನ ಮೇಲೆ ಆಡೋಕೆ ಶುರು ಮಾಡಿದ್ದಾರಲ್ಲ, ನನ್ನ ತಕರಾರು ಅಲ್ಲಿ. ಸ್ವೈಪ್ ಮಾಡ್ಬೇಡಿ, ಕ್ಯಾಪ್ಶನ್ ಓದಿ. ಒಂಬತ್ತು ಪೋಸ್ಟ್ ಇದೆ.

2/9

ನಿಮಗೆಲ್ಲಾ ಆ ರೀಲ್ ಬಂದಿರುತ್ತೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆಯವರಾದ್ರೂ ಸರಿ, ಅಲ್ಗಾರಿದಮ್ ನಮ್ಮ ಜಿಲ್ಲೆಯವರನ್ನ ಬಿಡಲ್ಲ.

ಹಿನ್ನೆಲೇಲಿ ಢಂ ಢಂ ಮ್ಯೂಸಿಕ್. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಕಂಬ. ಆಮೇಲೆ ಒಂದು ದನಿ: ಇಷ್ಟು ಗುಂಡಗೆ ಕೈಯಲ್ಲಿ ಕೆತ್ತೋಕೆ ಸಾಧ್ಯವಾ? ಮುಂದೆ ಒಂದು ಭೈರವ ಮೂರ್ತಿ, ಅದರ ಕೈಲಿರೋ ದುಂಡನೆ ವಸ್ತುಗೆ ಕೆಂಪು ವೃತ್ತ ಹಾಕಿ "ಇದು ಗೇರ್!" ಅಂತ. ಮುಂದೆ ಪಕ್ಕೆಲುಬು ಕಾಣೋ ಒಂದು ಬೇತಾಳ, ಅದಕ್ಕೆ ಬಾಣದ ಗುರುತು ಹಾಕಿ "ಏಲಿಯನ್ನಾ? ರೋಬೋನಾ?" ಕೊನೇಲಿ "ಇತಿಹಾಸಕಾರರು ನಿಮ್ಮಿಂದ ಏನನ್ನ ಮುಚ್ಚಿಡ್ತಿದ್ದಾರೆ?" ಅಂತ ಒಂದು ಪ್ರಶ್ನೆ. ಮುಗೀತು. ಲಕ್ಷಗಟ್ಟಲೆ ವ್ಯೂಸ್.

ಗಮನಿಸಿ, ಅವರು ಏನನ್ನೂ ಹೇಳಲ್ಲ, ಬರೀ ಕೇಳ್ತಾರೆ. ಪ್ರಶ್ನೆಗೆ ಸಾಕ್ಷಿ ಕೊಡೋ ಜವಾಬ್ದಾರಿ ಇಲ್ಲವಲ್ಲ! ಸೀರೀಸ್ ನೋಡುವಾಗ ನಾವು ಮಾಡೋದೂ ಇದನ್ನೇ. ಜೂಮ್ ಮಾಡು, ಗೆರೆ ಎಳಿ, "ಇದು ಅದರ ಥರ ಕಾಣ್ತಿದೆ" ಅನ್ನು. ಆದ್ರೆ ಸೀರೀಸಲ್ಲಿ ಉತ್ತರ ಇನ್ನೂ ಬಂದಿರಲ್ಲ. ಇಲ್ಲಿ ಉತ್ತರ ಬಂದು 900 ವರ್ಷ ಆಗಿದೆ. ಕಲ್ಲಿನ ಮೇಲೇ ಬರೆದಿದೆ, ಅದೂ ಕನ್ನಡದಲ್ಲೇ.

ಎಪಿಸೋಡ್ ಪೂರ್ತಿ ಬಂದಾದ ಮೇಲೂ ಕೊನೇ ಎಪಿಸೋಡ್ ನೋಡದೆ ಥಿಯರಿ ಬಿಡೋನಿಗೆ ಫ್ಯಾನ್ ಅಂತಾರಾ? ಸೋಮಾರಿ ಅಂತಾರೆ.

3/9

ಸರಿ, ಕೊನೇ ಎಪಿಸೋಡ್ ನೋಡೋಣ. ಬಿಕಾಂ ಭಾಷೇಲಿ ಹೇಳ್ತೀನಿ.

ಆಡಿಟಿಂಗ್‌ನಲ್ಲಿ ನಮಗೆ ಮೊದಲು ಹೇಳಿಕೊಡೋದು ವೌಚಿಂಗ್. ಲೆಕ್ಕದ ಪುಸ್ತಕದಲ್ಲಿ ಒಂದು ಎಂಟ್ರಿ ಇದ್ರೆ ಅದಕ್ಕೆ ವೋಚರ್ ಎಲ್ಲಿ, ಸಹಿ ಯಾರದ್ದು, ತಾರೀಕು ಏನು ಅಂತ ನೋಡ್ಬೇಕು. ವೋಚರ್ ಇರೋ ಎಂಟ್ರಿನ ಪಕ್ಕಕ್ಕಿಟ್ಟು, ವೋಚರ್ರೇ ಇಲ್ಲದ್ದನ್ನ ಪಾಸ್ ಮಾಡೋ ಆಡಿಟರ್‌ನ ಏನು ಮಾಡ್ಬೇಕು ನೀವೇ ಹೇಳಿ.

ಹೊಯ್ಸಳರ ದೇವಸ್ಥಾನಗಳಿಗೆ ವೋಚರ್ ಇದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ, ವಿಷ್ಣುವರ್ಧನನ ಕಾಲ. ಹಳೇಬೀಡಿನ ಕೆಲಸ ಶುರುವಾಗಿದ್ದು 1121ರ ಸುಮಾರಿಗೆ, ಮುಂದೆ ನಿಂತು ಮಾಡಿಸಿದವನು ಕೇತಮಲ್ಲ ಅನ್ನೋ ಅಧಿಕಾರಿ. ಯಾರು ಕಟ್ಟಿಸಿದ್ರು, ಯಾವ ಭೂಮಿ ದತ್ತಿ ಬಿಟ್ರು, ಎಲ್ಲಾ ಶಾಸನದಲ್ಲಿದೆ. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನ ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ಅಂತ ಅಚ್ಚು ಹಾಕ್ಸಿದ್ದು 1902ರಲ್ಲಿ. "ಮುಚ್ಚಿಟ್ಟಿದ್ದಾರೆ" ಅಂತಾರಲ್ಲ, ನೂರಿಪ್ಪತ್ತು ವರ್ಷದಿಂದ ಪ್ರಿಂಟಲ್ಲಿರೋದನ್ನ ಮುಚ್ಚಿಡೋದು ಹೆಂಗೆ?

ಈಗ ಮುಖ್ಯವಾದ್ದು, ಸಹಿ. ನಮ್ಮ ದೇಶದ ಬಹುಪಾಲು ಹಳೇ ದೇವಸ್ಥಾನಗಳಲ್ಲಿ ಕೆತ್ತಿದವನ ಹೆಸರು ಸಿಗಲ್ಲ. ಹೊಯ್ಸಳರ ಶಿಲ್ಪಿಗಳು ಮೂರ್ತಿಯ ಪೀಠದಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಅಪ್ಪ ಮಗ ಇಬ್ರೂ ಶಿವಮೊಗ್ಗದ ಕಡೆಯಿಂದ ಬಂದು ನಮ್ಮ ಜಿಲ್ಲೇಲಿ ಕೆಲಸ ಮಾಡಿ ಸಹಿ ಹಾಕಿ ಹೋಗಿದ್ದಾರೆ. ಹಳೇಬೀಡಲ್ಲಿ ಕೇದಾರೋಜ, ಬಲ್ಲಣ, ಬೋಚಣ, ಕೇತಣ, ರೇವೋಜ. ಕೆಲವರು ಹೆಸರಿನ ಜೊತೆ ಬಿರುದೂ ಹಾಕ್ಕೊಂಡಿದ್ದಾರೆ, ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯೋನು ಅನ್ನೋ ಅರ್ಥದ್ದು.

ನಮ್ಮ ಬಯೋಗಿಂತ ಜಾಸ್ತಿ ಆಟಿಟ್ಯೂಡ್ ಇದೆ ಗುರು ಅಲ್ಲಿ. ಏಲಿಯನ್‌ಗೆ ಯಾಕೆ ಬೇಕು ಕಾಂಪಿಟೇಶನ್?

4/9

ಚನ್ನರಾಯಪಟ್ಟಣದವರಿಗೆ ಸ್ಪೆಷಲ್ ಪೋಸ್ಟ್.

ನಿಮ್ಮ ತಾಲ್ಲೂಕಲ್ಲೇ ನುಗ್ಗೇಹಳ್ಳಿ ಇದೆ, ತಿಪಟೂರು ರೋಡಲ್ಲಿ. ಅಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು, ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಅಲ್ಲಿ ಕೆಲಸ ಮಾಡಿದ ಇಬ್ಬರು ಶಿಲ್ಪಿಗಳ ಹೆಸರು ಸಿಕ್ಕಿದೆ: ಬೈಚೋಜ, ಮಲ್ಲಿತಮ್ಮ. ಇಬ್ಬರ ಕೈ ಬೇರೆ ಬೇರೆ ಅಂತ ವಿದ್ವಾಂಸರು ಮೂರ್ತಿ ನೋಡೇ ಗುರುತು ಹಿಡೀತಾರೆ, ನಾವು ಫ್ರೆಂಡ್ ಹ್ಯಾಂಡ್‌ರೈಟಿಂಗ್ ನೋಡಿ ಯಾರ ನೋಟ್ಸ್ ಅಂತ ಹೇಳಲ್ವಾ, ಹಂಗೆ.

ಈ ಮಲ್ಲಿತಮ್ಮನ ಸರ್ವಿಸ್ ರೆಕಾರ್ಡ್ ನೋಡಿ. ತರೀಕೆರೆ ಹತ್ತಿರದ ಅಮೃತಾಪುರದ ದೇವಸ್ಥಾನ 1196ರದ್ದು, ಅಲ್ಲಿ ಇವನ ಹೆಸರಿದೆ. ಜಾವಗಲ್ಲಲ್ಲಿ ಇದೆ. ನುಗ್ಗೇಹಳ್ಳೀಲಿ ಇದೆ. ಸೋಮನಾಥಪುರದಲ್ಲಂತೂ ಅತಿ ಹೆಚ್ಚು ಸಹಿ ಇವನದ್ದೇ, ಆರ್. ನರಸಿಂಹಾಚಾರ್ ಅವರು 1917ರಲ್ಲಿ ಆ ದೇವಸ್ಥಾನದ ಬಗ್ಗೆ ಪುಸ್ತಕಾನೇ ತಂದ್ರು. ಸುಮಾರು ಅರವತ್ತು ವರ್ಷದ ಕೆಲಸ! ಹುಡುಗನಾಗಿದ್ದಾಗ ಉಳಿ ಹಿಡಿದವನು ಮುದುಕನಾದ ಮೇಲೂ ಬಿಟ್ಟಿಲ್ಲ. ಕಲಿತಿದ್ದಾನೆ, ಕೈ ಪಳಗಿದೆ, ಹೆಸರು ಮಾಡಿದ್ದಾನೆ, ದೊಡ್ಡ ಕೆಲಸ ಸಿಕ್ಕಿದೆ. ಮನುಷ್ಯರ ಕೆರಿಯರ್ ಇರೋದೇ ಹೀಗೆ.

ಇನ್ನೊಂದು ಮಾತು. ಶಿಲ್ಪಿಗಳಿಗೆ ಆಗ 'ರೂವಾರಿ' ಅಂತಿದ್ರು, ಈ ಮಲ್ಲಿತಮ್ಮನೂ ರೂವಾರಿ ಮಲ್ಲಿತಮ್ಮ. ಇವತ್ತು ಪೇಪರಲ್ಲಿ "ಯೋಜನೆಯ ರೂವಾರಿ" ಅಂತ ದೊಡ್ಡ ದೊಡ್ಡ ರಾಜಕಾರಣಿಗಳಿಗೆ ಹಾಕ್ತಾರಲ್ಲ, ಅದೇ ಪದ. ಹೆಸರಿನ ಕೊನೇಲಿರೋ 'ಓಜ' ಅಂದ್ರೆ ಉಪಾಧ್ಯಾಯ, ಕಲಿಸೋನು. ಭಾಷೆ ಅವರನ್ನ ಮರೆತಿಲ್ಲ, ನಾವೇ ಮರೆತು ಆ ಜಾಗಕ್ಕೆ ಹಸಿರು ಮುಖದವನನ್ನ ಕೂರಿಸ್ತಿದ್ದೀವಿ.

5/9

ಈಗ ಕಂಬದ ವಿಷಯ. "ಇದು ಮೆಷಿನಲ್ಲೇ ಆಗಿರೋದು!" ಅಂತ ರೀಲಲ್ಲಿ ಕೂಗ್ತಾರೆ.

ಹೌದು ಮಗಾ. ಮೆಷಿನಲ್ಲೇ ಆಗಿರೋದು. ಇದನ್ನ ಇತಿಹಾಸಕಾರರು ಮುಚ್ಚಿಟ್ಟಿಲ್ಲ, ಹೊಯ್ಸಳ ವಾಸ್ತುಶಿಲ್ಪದ ಯಾವ ಪುಸ್ತಕ ತೆಗೆದ್ರೂ ಈ ಕಂಬಗಳನ್ನ ಲೇತ್ ಥರ ತಿರುಗಿಸಿ ಮಾಡಿದ್ದು ಅಂತಾನೇ ಬರೆದಿದೆ. ಬೇಲೂರಿನ ನವರಂಗದ ನಡುವಿನ ನಾಲ್ಕು ಕಂಬ ಕೈಯಲ್ಲಿ ಕೆತ್ತಿದ್ದು, ಉಳಿದವುಗಳಲ್ಲಿ ತಿರುಗಿಸಿ ಮಾಡಿದ್ದೂ ಇವೆ ಅಂತ ವ್ಯತ್ಯಾಸ ಕೂಡ ಹೇಳ್ತಾರೆ. ಕಲ್ಲನ್ನ ತಿರುಗಿಸು, ಚೂಪಾದ ಕಬ್ಬಿಣ ಹಿಡಿ, ಸುತ್ತಲೂ ಒಂದೇ ಸಮ ಗೆರೆ ಬೀಳುತ್ತೆ. ಚನ್ನಪಟ್ಟಣದಲ್ಲಿ (ನಮ್ಮ ಚನ್ನರಾಯಪಟ್ಟಣ ಅಲ್ಲ, ಬೆಂಗಳೂರು ದಾರೀದು) ಮರದ ಬೊಂಬೆ ಮಾಡೋದೂ ಇದೇ ತತ್ವದಲ್ಲಿ. ಐಟಿಐಲಿ ಟರ್ನರ್ ಟ್ರೇಡ್ ತಗೊಂಡಿರೋ ನಮ್ಮ ಹುಡುಗರು ದಿನಾ ಮಾಡೋದೂ ಇದನ್ನೇ. ಅವರೇನು ಬೇರೆ ಗ್ರಹದವರಾ? ಬೆಳಿಗ್ಗೆ ಬಸ್ಸಲ್ಲಿ ನನ್ನ ಜೊತೆನೇ ನಿಂತ್ಕೊಂಡ್ ಬರ್ತಾರೆ.

ಇನ್ನು ಕಲ್ಲು. ಗ್ರಾನೈಟ್ ಅಂದ್ಕೊಂಡು ಬಾಯಿ ಬಿಡ್ತಾರೆ, ಆದ್ರೆ ಬೇಲೂರು ಹಳೇಬೀಡಿನ ಕಲ್ಲು ಬಳಪದ ಕಲ್ಲು. ಒಂದನೇ ಕ್ಲಾಸಲ್ಲಿ ಸ್ಲೇಟ್ ಮೇಲೆ ಬರೀತಿದ್ವಲ್ಲ, ಆ ಬಳಪಾನೇ ನೆನಪು ಮಾಡ್ಕೊಳ್ಳಿ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಉಳಿ ಹೇಳಿದ ಮಾತು ಕೇಳುತ್ತೆ. ಗಾಳಿ ಬಿಸಿಲಿಗೆ ಇಟ್ಟ ಹಾಗೆ ಗಟ್ಟಿಯಾಗುತ್ತೆ. ಅದಕ್ಕೇ ಮದನಿಕೆಯ ಕೈಬಳೆ, ಸರದ ಮಣಿ, ಬೆರಳ ಉಗುರು, ಎಲ್ಲಾ ಅಷ್ಟು ಸಣ್ಣದಾಗಿ ಬಂದಿರೋದು. ಈ ಕಲ್ಲಲ್ಲಿ ಹೀಗಾಗುತ್ತೆ ಅಂತ ಕಂಡುಹಿಡಿದು, ಅದಕ್ಕೆ ತಕ್ಕ ಹಾಗೆ ಶೈಲೀನೇ ಬೆಳೆಸಿದ್ದಾರೆ. ಇದಕ್ಕಿಂತ ದೊಡ್ಡ ಟೆಕ್ನಾಲಜಿ ಸ್ಟೋರಿ ಬೇಕಾ?

ರೀಲ್ ಮಾಡೋನು ಇಲ್ಲಿಗೆ ಬಂದು ನಿಲ್ಲಿಸಿದ್ರೆ ನಾನೇ ಶೇರ್ ಮಾಡ್ತಿದ್ದೆ. "ಮೆಷಿನ್ ಇತ್ತು" ಅನ್ನೋದ್ರಿಂದ "ಮನುಷ್ಯರು ಮಾಡಿಲ್ಲ" ಅನ್ನೋದಕ್ಕೆ ಹಾರ್ತಾನಲ್ಲ, ಅಲ್ಲಿ ಕಾಲು ಜಾರುತ್ತೆ.

6/9

ಗೇರು, ರೋಬೋ, ಏಲಿಯನ್. ಒಂದೊಂದಾಗಿ ನೋಡೋಣ.

ಬೇತಾಳ. ಭೈರವ, ಭೈರವಿಯರ ಪಕ್ಕ ಎಲುಬಿನ ಹಂದರದ ಗಣಗಳು ನಿಲ್ಲೋದು ಶಿಲ್ಪಶಾಸ್ತ್ರದ ಮಾಮೂಲಿ ವಿಷಯ. ಭೈರವ ಸ್ಮಶಾನದಲ್ಲಿರೋ ದೇವರು, ಅವನ ಪಕ್ಕ ಅಸ್ಥಿಪಂಜರ ಇರದೆ ಇನ್ಯಾರು ಇರ್ತಾರೆ? ಅಜ್ಜಿ ಹತ್ರ ಬೇತಾಳನ ಕಥೆ ಕೇಳಿದ್ರೆ ಸಾಕಿತ್ತು, ಟೆಲಿಸ್ಕೋಪ್ ಬೇಕಿರಲಿಲ್ಲ.

ಗೇರ್. ಭೈರವನ ಕೈಲಿ ತ್ರಿಶೂಲ, ಡಮರುಗ, ಕಪಾಲ, ಖಡ್ಗ ಕೆತ್ತೋದು ಪದ್ಧತಿ. ಕೆತ್ತೋನು ಯಾವ ಖಾಲಿ ಜಾಗಾನೂ ಬಿಡಲ್ಲ, ಸುತ್ತ ಹೂದಳ, ಮಣಿ, ಹಲ್ಲು ಹಲ್ಲಿನ ಅಂಚು, ಇದು ಹೊಯ್ಸಳರ ಚಾಳಿ. ಆ ಡಿಸೈನ್ ಕಿರೀಟದಲ್ಲಿದೆ, ಪೀಠದಲ್ಲಿದೆ, ಚಾವಣೀಲಿದೆ. ಎಲ್ಲಾನೂ ಗೇರಾ? ಸರಿ, ವಾದಕ್ಕೆ ಗೇರ್ ಅಂತಾನೇ ಇಟ್ಕೊಳ್ಳಿ. ಅದರಿಂದ ಏಲಿಯನ್ ಬಂದ ಅಂತ ಹೆಂಗಾಗುತ್ತೆ? ಗ್ರೀಸ್‌ನ ಆಂಟಿಕಿಥೆರಾ ದ್ವೀಪದ ಹತ್ರ ಮುಳುಗಿದ್ದ ಹಡಗಲ್ಲಿ 1901ರಲ್ಲಿ ಒಂದು ಯಂತ್ರ ಸಿಕ್ತು. ಎರಡು ಸಾವಿರ ವರ್ಷ ಹಳೇದು, 30 ಕಂಚಿನ ಗೇರ್ ಉಳಿದಿವೆ, ಸೂರ್ಯ ಚಂದ್ರರ ಚಲನೆ ಲೆಕ್ಕ ಹಾಕೋಕೆ ಮಾಡಿದ್ದು. ಮಾಡಿದವರು ಮನುಷ್ಯರು. ಗೇರ್ ಮಾಡೋಕೆ ಮನುಷ್ಯ ಸಾಕು.

ಇನ್ನು ಅರ್ಧಕ್ಕೆ ಬಿಟ್ಟ ಕೆಲಸ. ಹೊಯ್ಸಳ ದೇವಸ್ಥಾನಗಳಲ್ಲಿ ಒರಟಾಗೇ ಉಳಿದ ಕಲ್ಲುಗಳಿವೆ. ಒಂದು ಕಡೆ ಪೂರ್ತಿ ಹೂವಿನ ಬಳ್ಳಿ, ಪಕ್ಕದಲ್ಲೇ ಬರೀ ಅಚ್ಚುಕಟ್ಟಾದ ದಿಮ್ಮಿ. ದುಡ್ಡು ಮುಗಿದಿರಬಹುದು, ಯುದ್ಧ ಬಂದಿರಬಹುದು, ಮೇಸ್ತ್ರಿ ಬೇರೆ ಕಡೆ ಹೋಗಿರಬಹುದು. ನಮ್ಮೂರಲ್ಲಿ ಅರ್ಧಕ್ಕೆ ನಿಂತ ಸಮುದಾಯ ಭವನ ನೋಡಿಲ್ವಾ? ಬಜೆಟ್ ಖಾಲಿಯಾಗೋದು ಮನುಷ್ಯರಿಗೆ ಮಾತ್ರ. ನಕ್ಷತ್ರ ದಾಟಿ ಬಂದೋರಿಗೆ ಒಂದು ಪಟ್ಟಿಕೆ ಮುಗಿಸೋಕಾಗಲಿಲ್ವಾ?

7/9

"ಹೋಗ್ಲಿ ಬಿಡು, ನಮ್ಮ ದೇವಸ್ಥಾನದ ಬಗ್ಗೆ ಹೆಮ್ಮೆ ಬರುತ್ತಲ್ಲ, ಯಾಕೆ ತಲೆ ಕೆಡಿಸ್ಕೋತೀಯ?" ಇದು ನನಗೆ ಅತಿ ಹೆಚ್ಚು ಸಿಕ್ಕೋ ಉತ್ತರ. ಇದನ್ನೇ ಸರಿಯಾಗಿ ಬಿಡಿಸಿ ನೋಡ್ಬೇಕು.

ಈ ಥಿಯರಿಯನ್ನ ಜಗತ್ತಿಗೆಲ್ಲಾ ಹಂಚಿದವನು ಎರಿಕ್ ಫಾನ್ ಡೆನಿಕನ್, ಸ್ವಿಟ್ಜರ್ಲೆಂಡಿನವನು, ಹೋಟೆಲ್ ಮ್ಯಾನೇಜರ್ ಆಗಿದ್ದವನು. 1968ರಲ್ಲಿ ಅವನ ಪುಸ್ತಕ ಬಂತು. ಈಜಿಪ್ಟಿನ ಪಿರಮಿಡ್ ಆಕಾಶದವರದ್ದು, ಪೆರುವಿನ ಗೆರೆಗಳು ಆಕಾಶದವರದ್ದು, ಈಸ್ಟರ್ ದ್ವೀಪದ ಮೂರ್ತಿ ಆಕಾಶದವರದ್ದು. ಹಾದೀಲೇ ಭಾರತಾನೂ ಬಂತು. ಈಗ ಇನ್ನೊಂದು ಲೆಕ್ಕ ಹಾಕಿ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಕಟ್ಟೋಕೆ ಶುರು ಮಾಡಿದ್ದು 1163ರಲ್ಲಿ, ಹೆಚ್ಚು ಕಮ್ಮಿ ನಮ್ಮ ಹಳೇಬೀಡಿನ ಕಾಲ. ಅದನ್ನ ಯಾವ ರೋಬೋ ಕಟ್ಟಿತು ಅಂತ ಯಾರಾದ್ರೂ ರೀಲ್ ಮಾಡಿದ್ದಾರಾ? ಇಲ್ಲ. ಅಲ್ಲಿ ಮೇಸ್ತ್ರಿಗಳು ಕಟ್ಟಿದ್ರು ಅಂದ್ರೆ ಎಲ್ಲರೂ ಒಪ್ತಾರೆ. ಕಂದು ಬಣ್ಣದವರು, ಕಪ್ಪು ಬಣ್ಣದವರು ಕಟ್ಟಿದ್ರೆ ಮಾತ್ರ "ಹೇಗೆ ಸಾಧ್ಯ?" ಅನ್ನೋ ಮ್ಯೂಸಿಕ್ ಶುರು.

ಪಿರಮಿಡ್‌ಗೂ ವೋಚರ್ ಸಿಕ್ಕಿದೆ. 2013ರಲ್ಲಿ ಕೆಂಪು ಸಮುದ್ರದ ದಂಡೇಲಿ ಪಪೈರಸ್ ಹಾಳೆಗಳು ಸಿಕ್ಕವು. ಮೆರೆರ್ ಅನ್ನೋ ಮೇಲ್ವಿಚಾರಕ ತನ್ನ ಕೆಲಸಗಾರರ ಜೊತೆ ತುರಾ ಗಣಿಯಿಂದ ಗೀಜಾಗೆ ದೋಣೀಲಿ ಸುಣ್ಣಕಲ್ಲು ಸಾಗಿಸಿದ ದಿನಚರಿ. ನಾಲ್ಕೂವರೆ ಸಾವಿರ ವರ್ಷ ಹಳೇ ಲಾಗ್‌ಬುಕ್! ಆದ್ರೂ ಥಿಯರಿ ಸತ್ತಿಲ್ಲ ನೋಡಿ.

ಹಾಗಾಗಿ ಇದು ಹೆಮ್ಮೆ ಅಲ್ಲ. "ನಿಮ್ಮ ಮುತ್ತಾತನ ಕೈಲಿ ಇದು ಆಗ್ತಿರಲಿಲ್ಲ" ಅನ್ನೋ ಮಾತಿಗೆ ನಾವು ಚಪ್ಪಾಳೆ ತಟ್ಟಿ, ಊರಿಗೆಲ್ಲಾ ಫಾರ್ವರ್ಡ್ ಮಾಡ್ತಿದ್ದೀವಿ.

ಜಕಣಾಚಾರಿ ಕಥೆ ಬೇರೆ. ಅದು ಜನಪದ, ಬೇಲೂರಿನ ಶಾಸನಗಳಲ್ಲಿ ಅವನ ಹೆಸರಿಲ್ಲ. ಆದ್ರೆ ಆ ಕಥೇಲಿ ಅವನ ಕೈಲಿ ಉಳಿ ಇದೆ, ಅವನು ಆರಿಸಿದ ಕಲ್ಲಲ್ಲಿ ಕಪ್ಪೆ ಸಿಗುತ್ತೆ, ಮಗನ ಮುಂದೆ ಅವನು ಸೋಲ್ತಾನೆ. ನಮ್ಮ ಹಿರಿಯರು ಕಥೆ ಕಟ್ಟಿದಾಗಲೂ ಮನುಷ್ಯನ ಕಥೇನೇ ಕಟ್ಟಿದ್ರು.

8/9

ಈಗ ಹಾಸನ ಸಿಟಿಯವರಿಗೆ.

ಆಕಾಶದ ಜೊತೆ ನಿಜವಾಗ್ಲೂ ದಿನಾ ಮಾತಾಡೋ ಜಾಗ ನಮ್ಮೂರಲ್ಲೇ ಇದೆ, ಸಾಲಗಾಮೆ ರಸ್ತೇಲಿ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರೋ ನಮ್ಮ ದೇಶದ ಉಪಗ್ರಹಗಳನ್ನ ಸರಿಯಾದ ಜಾಗದಲ್ಲಿ ನಿಲ್ಲಿಸೋ ಕೆಲಸ ಇಲ್ಲಿಂದ ನಡೆಯುತ್ತೆ. ಆ ದೊಡ್ಡ ಬಿಳೀ ಬಟ್ಟಲುಗಳು ಆಕಾಶಕ್ಕೆ ಮುಖ ಮಾಡಿ ಕೂತಿರೋದು ಅದಕ್ಕೇ.

ಈಗ ಯೋಚನೆ ಮಾಡಿ. 900 ವರ್ಷ ಆದ್ಮೇಲೆ ಯಾರೋ ಬಂದು ಅಗೀತಾರೆ. ಆಂಟೆನಾದ ಬುಡ ಸಿಗುತ್ತೆ. "ರಾಗಿ, ಆಲೂಗಡ್ಡೆ ಬೆಳೀತಿದ್ದ ಊರಲ್ಲಿ ಇಂಥದ್ದು ಹೇಗೆ ಸಾಧ್ಯ? ಇದು ಖಂಡಿತ ಏಲಿಯನ್‌ಗಳ ಸ್ಟೇಷನ್" ಅಂತ ರೀಲ್ ಬಿಡ್ತಾರೆ. ಅಲ್ಲಿ ರಾತ್ರಿ ಪಾಳಿ ಮಾಡಿದ ಇಂಜಿನಿಯರ್, ಕೇಬಲ್ ಎಳೆದ ಟೆಕ್ನೀಷಿಯನ್, ಗಾರೆ ಕಲಸಿದ ಹೆಂಗಸು, ಅವರಿಗೆಲ್ಲಾ ಚಹಾ ಕೊಟ್ಟವನು, ಒಬ್ಬರೂ ಲೆಕ್ಕಕ್ಕಿಲ್ಲ. ಕೇಳೋಕೆ ಸಿಟ್ಟು ಬರುತ್ತೆ ಅಲ್ವಾ? ದಾಸೋಜನಿಗೆ ನಾವು ಮಾಡ್ತಿರೋದು ಅಕ್ಷರಶಃ ಇದನ್ನೇ.

ಕೈಕೆಲಸದ ಬಗ್ಗೆ ನಮಗಿರೋ ಅಸಡ್ಡೆನೂ ಇದರ ಜೊತೆ ಸೇರ್ಕೊಂಡಿದೆ. ಇವತ್ತಿಗೂ ಕಮ್ಮಾರ, ಬಡಗಿ, ಕಲ್ಲುಕುಟಿಗರ ಮನೆ ಹುಡುಗರು ಅಪ್ಪನ ಕೆಲಸ ಏನು ಅಂದ್ರೆ ಸ್ವಲ್ಪ ಮೆಲ್ಲಗೆ ಹೇಳ್ತಾರೆ. ಉಳಿ ಸುತ್ತಿಗೆ ಹಿಡಿದೋನಿಗೆ ಬುದ್ಧಿ ಇರಲ್ಲ ಅಂತ ಮನಸಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಹಾಗಾಗಿ ಬುದ್ಧಿ ಕಾಣೋ ಕೆಲಸ ನೋಡಿದ ತಕ್ಷಣ ಉಳಿ ಹಿಡಿದೋನನ್ನ ಬಿಟ್ಟು ಆಕಾಶ ನೋಡ್ತೀವಿ. ಕಟ್ಟಿಸಿದ ರಾಜನ ಹೆಸರು ಪರೀಕ್ಷೆಗೆ ಬರುತ್ತೆ, ಕೆತ್ತಿದವನ ಹೆಸರು ಬರಲ್ಲ. ಆ ಖಾಲಿ ಜಾಗಕ್ಕೇ ಈ ರೀಲ್‌ನವರು ಬಂದು ಕೂತಿರೋದು. ನಾವು ಆ ಹೆಸರು ಕಲಿತಿದ್ರೆ ಅವರಿಗೆ ಜಾಗಾನೇ ಇರ್ತಿರಲಿಲ್ಲ.

9/9

ಹಾಗಾದ್ರೆ ಏನು ಮಾಡೋಣ?

ಸೀರೀಸ್ ನೋಡಿ, ರೋಬೋ ಥಿಯರಿ ಬರೀರಿ, ನಂಗೂ ಟ್ಯಾಗ್ ಮಾಡಿ, ರಾತ್ರಿ ಎರಡು ಗಂಟೆವರೆಗೂ ಜಗಳ ಆಡೋಣ. ಅಲ್ಲಿ ಎಷ್ಟು ಬೇಕಾದ್ರೂ ಏಲಿಯನ್ ಇರಲಿ. ಹಳೇಬೀಡಿನ ಮೇಲೆ ಸೈನ್ಸ್ ಫಿಕ್ಷನ್ ಕಥೆ ಬರೀತೀರಾ? ಬರೀರಿ, ಕಥೆ ಅಂತ ಮೇಲೆ ಹಾಕಿ, ನಾನೇ ಮೊದಲು ಓದ್ತೀನಿ. ಕಥೆಯನ್ನ ಇತಿಹಾಸ ಅಂತ ಮಾರ್ಬೇಡಿ ಅಂತಷ್ಟೇ ಹೇಳ್ತಿರೋದು.

2023ರ ಸೆಪ್ಟೆಂಬರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅವತ್ತು ಎಲ್ಲರ ಸ್ಟೇಟಸಲ್ಲೂ ಇತ್ತು. ಪಟ್ಟಿಗೆ ಸೇರಿದ್ದು ಮನುಷ್ಯರ ಕೈಕೆಲಸ ಅಂತ. ಅದೇ ನಾವು ಮಾರನೇ ವಾರ ಏಲಿಯನ್ ರೀಲ್ ಹಾಕಿದ್ರೆ ಯಾವ ಮುಖ ಇಟ್ಕೊಂಡು ಹೆಮ್ಮೆ ಪಡೋದು?

ಹೋಗೋಕೆ ದೂರ ಏನಿಲ್ಲ. ಹಾಸನದಿಂದ ಹಳೇಬೀಡು ಬಸ್ಸಲ್ಲಿ ಒಂದು ಗಂಟೆ ದಾರಿ. ಹೊಳೆನರಸೀಪುರದವರು ಹಾಸನಕ್ಕೆ ಬರೋ ದಾರೀಲೇ ಮೊಸಳೆ ಇದೆ, ಅಕ್ಕಪಕ್ಕ ಎರಡು ಹೊಯ್ಸಳ ಗುಡಿ, ಜನವೇ ಇರಲ್ಲ, ಆರಾಮಾಗಿ ನೋಡ್ಬಹುದು. ಚನ್ನರಾಯಪಟ್ಟಣದವರಿಗೆ ನುಗ್ಗೇಹಳ್ಳಿ. ಅರಕಲಗೂಡಿನವರು ಹಾಸನಕ್ಕೆ ಬಂದು ನಮ್ಮ ಜೊತೆ ಸೇರ್ಕೊಳ್ಳಿ, ಒಟ್ಟಿಗೆ ಹೋಗೋಣ. ಹೋದಾಗ ಮೂರ್ತಿಯ ಮುಖದ ಜೊತೆ ಮಾತ್ರ ಸೆಲ್ಫಿ ತಗೋಬೇಡಿ. ಬಗ್ಗಿ, ಪೀಠ ನೋಡಿ. ಮೊಬೈಲ್ ಟಾರ್ಚನ್ನ ಪಕ್ಕದಿಂದ ಹಿಡಿದ್ರೆ ಅಕ್ಷರದ ನೆರಳು ಎದ್ದು ಬರುತ್ತೆ. ಹಳಗನ್ನಡ ಲಿಪಿ ಓದೋಕೆ ಬರದೇ ಇರಬಹುದು. ಪರವಾಗಿಲ್ಲ, ಫೋಟೋ ತೆಗೆದು ಓದೋಕೆ ಬರೋರನ್ನ ಕೇಳಿ. ಕಲ್ಲನ್ನ ಮಾತ್ರ ಮುಟ್ಟಬೇಡಿ, ಅದರ ಮೇಲೆ ನಿಮ್ಮ ಹೆಸರು ಖಂಡಿತಾ ಗೀಚಬೇಡಿ. ಅಲ್ಲಿ ಸಹಿ ಹಾಕೋ ಹಕ್ಕು ಯಾರಿಗಿತ್ತೋ ಅವರು ಹಾಕಿ ಆಗಿದೆ.

ಕೊನೇದಾಗಿ, ಮುಂದಿನ ಸಲ ಆ ಏಲಿಯನ್ ರೀಲ್ ಬಂದಾಗ ಕಮೆಂಟಲ್ಲಿ ಬೈಬೇಡಿ. ಬೈದ್ರೆ ಅವರಿಗೆ ರೀಚ್ ಜಾಸ್ತಿ. ಸುಮ್ನೆ ಒಂದು ಹೆಸರು ಬರೆದು ಬನ್ನಿ. ದಾಸೋಜ. ಚಾವಣ. ಕೇದಾರೋಜ. ಬೈಚೋಜ. ಮಲ್ಲಿತಮ್ಮ. ನಿಮಗಿಷ್ಟವಾದ ಒಂದು. ಸಾವಿರ ಜನ ಬರೆದ್ರೆ ಆ ರೀಲ್ ನೋಡೋನಿಗೆ ಮೊದಲು ಕಾಣೋದು ಕೆತ್ತಿದವನ ಹೆಸರೇ.

ಈ ಪೋಸ್ಟಿನ ಕೆಳಗೇ ಶುರು ಮಾಡಿ. ಮೊದಲನೇದು ನಾನೇ ಹಾಕ್ತೀನಿ: ರೂವಾರಿ ಮಲ್ಲಿತಮ್ಮ.

#ಹಳೇಬೀಡು #ಬೇಲೂರು #ನುಗ್ಗೇಹಳ್ಳಿ #ಹಾಸನದ_ಹುಡುಗರು #ಕೆತ್ತಿದವರ_ಹೆಸರು